ವಿಜ್ಞಾನಮಂದಿರವೂ ಆಚಾರ್ಯಪೀಠವೂ

೧

ಪ್ರಯೋಗಶಾಲೆಯೆಂಬುದು ಪಾಶ್ಚಾತ್ಯ ವಿದ್ಯಾಪೀಠಗಳಲ್ಲಿಯೂ ಬಹು ಪ್ರಾಚೀನವಾದ ವಸ್ತುವಲ್ಲ. ಜರ್ಮನಿಯ ಗೀಸೆನ್ ಪಟ್ಟಣಕ್ಕೆ ೧೮೨೪ನೆಯ ಇಸವಿಯಲ್ಲಿ ಇಪ್ಪತ್ತೊಂದು ವರ್ಷದ ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞನು ಪ್ರಾಧ್ಯಾಪಕನಾಗಿ ಬಂದನು. ಅವನು ಶಿಷ್ಯರನ್ನು ತನ್ನ ಸಂಗಡ ಒಂದೇ ಶಾಲೆಯಲ್ಲಿ ನಿಲ್ಲಿಸಿಕೊಂಡು, ಅವರ ಕೈಯಿಂದಲೇ ಪ್ರಯೋಗಗಳನ್ನು ಮಾಡಿಸಿ, ಹೊಸ ಸಂಗತಿಗಳನ್ನು ಅರಸುವ ಕ್ರಮವನ್ನು ಕಲಿಸಿದುದೇ ಈ ಪದ್ಧತಿಗೆ ಮೇಲ್ಪಂಕ್ತಿಯಾಯಿತೆಂದು ಚರಿತ್ರಕಾರರು ಹೇಳುವರು. ಗುರುವಿನ ಬಳಿಯಲ್ಲಿದ್ದು ಗುರುವಿನ ಕಾರ್ಯವನ್ನು ನೋಡಿ ಕಲಿಯುವ ಈ ಕ್ರಮವು ನಮ್ಮ ಪಾಠಶಾಲೆಗಳಲ್ಲಿ ಓದಿದವರಿಗೆ ಅಪರಿಚಿತವಾದುದಲ್ಲ. ವ್ಯತ್ಯಾಸವಿಷ್ಟೆ: ನಮ್ಮಲ್ಲಿ ಗ್ರಂಥವು ಯಾವ ಸ್ಥಾನದಲ್ಲಿದ್ದಿತೋ ಅಲ್ಲಿ ಆ ಸ್ಥಾನವನ್ನು ಉಪಕರಣವು ಪಡೆಯಿತು.

ಹೊಸದಾಗಿ ಒಂದು ಸಂಶೋಧನಮಂದಿರವನ್ನು ಕಟ್ಟುವಲ್ಲಿ ಯಾವುದು ಮುಖ್ಯಕಾರಣ, ಯಾವುದು ಸಹಕಾರಿಕಾರಣ ಎಂಬುದು ಪ್ರಕೃತ ಲೇಖನದಲ್ಲಿ ವಿಚಾರಿಸತಕ್ಕ ವಿಷಯ. ಈ ವಿಷಯದಲ್ಲಿ ಲೋಕದಲ್ಲಿ ಎರಡು ಪಕ್ಷಗಳು ಬಳಕೆಯಲ್ಲಿವೆ. ದ್ರವ್ಯವೂ ಕಟ್ಟಡವೂ ಉಪಕರಣವೂ ಒದಗಿದರೆ ವಿದ್ಯೆ ತಾನಾಗಿ ಬೆಳೆಯುವುದೆಂಬುದು ಒಂದು ಪಕ್ಷ. ಪ್ರತಿಭಾಶಾಲಿಯಾದ ಒಬ್ಬನು ಹುಟ್ಟಿದರೆ ಅವನು ಎಲ್ಲಿದ್ದರೂ ಕಾರ್ಯವು ಸಿದ್ಧಿಸುವುದು, ಮನೆಯೂ ಹಣವೂ ಅಪ್ರಧಾನಗಳು ಎಂಬುದು ಮತ್ತೊಂದು. ಇವೆರಡನ್ನೂ ಪರೀಕ್ಷಿಸುವುದಕ್ಕೆ ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ೧೮೭೬ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಪ್ರಸಾರ ಸಂಸ್ಥೆಯ ಚರಿತ್ರೆಯೂ, ಅಲ್ಲಿ ಬೆಳೆದು ಬಳಿಕ ಬೆಂಗಳೂರಿಗೆ ಬಂದ ಸರ್ ಚಂದ್ರಶೇಖರ ವೆಂಕಟರಾಮನ್ನರ ವಿದ್ಯಾಜೀವನವೂ ತಕ್ಕ ಉದಾಹರಣೆಗಳು. ಏಕೆಂದರೆ, ಆ ಸಂಸ್ಥೆಯಲ್ಲಿ ಮನೆಯಿದ್ದು ಆಚಾರ್ಯನಿಲ್ಲದ ಕಾಲವೂ, ಎರಡೂ ಕೂಡಿದ ಕಾಲವೂ ಕಂಡುಬರುತ್ತವೆ. ಎರಡೂ ಇದ್ದು ಆಡಳಿತವು ಕೆಟ್ಟರೆ ಏನಾಗುವುದೆಂಬುದು ಬೆಂಗಳೂರಿನ ಚರಿತ್ರೆಯಿಂದ ತಿಳಿಯುತ್ತದೆ.

ಭಾಷಾಸಾಹಿತ್ಯಗಳ ಅಧ್ಯಯನಕ್ಕೆ ಮೀಸಲಾದ ಪತ್ರಿಕೆಯಲ್ಲಿ ಈ ಪ್ರಸ್ತಾಪವೇಕೆ ಎಂದು ಕೆಲವರು ಕೇಳಬಹುದು. ಶಾಸನಸಂಗ್ರಹ, ತಾಳೆಯೋಲೆಗಳ ಪರಿಷ್ಕರಣ, ನಿಘಂಟುರಚನೆ ಮೊದಲಾದ ನಮ್ಮ ಕಾರ್ಯಗಳೂ ಸ್ಥಾನವನ್ನೂ ವೃತ್ತಿಯನ್ನೂ ಶಿಷ್ಯಪರಂಪರೆಯನ್ನೂ ಬಯಸುವಂಥವು. ವಿಜ್ಞಾನಿಗಳಿಗೆ ಒದಗಿದ ಕಷ್ಟವು ನಮ್ಮದೂ ಆದುದರಿಂದ ಅವರ ಅನುಭವವು ನಮಗೆ ಅನ್ಯವಾದುದಲ್ಲ.

೨

ಸಂಸ್ಥೆಯ ಸ್ಥಾಪಕರಾದ ಮಹೇಂದ್ರಲಾಲ ಸರ್ಕಾರರು ೧೮೩೩ರಲ್ಲಿ ಜನಿಸಿದರು. ೧೮೬೩ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯದಿಂದ ಎಂ. ಡಿ. ಪದವಿಯನ್ನು ಪಡೆದು ಪ್ರಸಿದ್ಧ ವೈದ್ಯರಾದರು. ೧೮೬೭ರಲ್ಲಿ ಅವರು ಹೋಮಿಯೋಪಥಿಯನ್ನು ಬಹಿರಂಗವಾಗಿ ಅಂಗೀಕರಿಸಿದುದರಿಂದ ಸಹವೃತ್ತಿಯವರ ವಿರೋಧವನ್ನು ಎದುರಿಸಬೇಕಾಯಿತು. ಮರುವರ್ಷ ತಾವೇ ಒಂದು ವೈದ್ಯಪತ್ರಿಕೆಯನ್ನು ಹೊರಡಿಸಿದರು. ಆ ಪತ್ರಿಕೆಯಲ್ಲಿಯೇ ೧೮೬೯ರಲ್ಲಿ, ಭಾರತೀಯರು ವಿಜ್ಞಾನವನ್ನು ಸ್ವತಃ ಅಭ್ಯಾಸಮಾಡುವುದಕ್ಕೆ ಒಂದು ರಾಷ್ಟ್ರೀಯ ಸಂಸ್ಥೆಯು ಅವಶ್ಯವೆಂಬುದನ್ನು ಪ್ರತಿಪಾದಿಸುವ ಲೇಖನವನ್ನು ಬರೆದರು. ಆ ಸಂಸ್ಥೆಯು ಭಾರತೀಯರ ಹಣದಿಂದಲೇ ನಡೆಯಬೇಕು, ಭಾರತೀಯರ ಆಡಳಿತದಲ್ಲಿಯೇ ಇರಬೇಕು, ಸರ್ಕಾರದ ಅಧೀನದಲ್ಲಿರಕೂಡದು ಎಂಬುದು ಅವರ ಸಂಕಲ್ಪ.

ಲೇಖನವು ಪ್ರಕಟವಾದುದಕ್ಕೂ ಸಂಸ್ಥೆಯು ಉದ್ಘಾಟಿತವಾದುದಕ್ಕೂ ನಡುವೆ ಏಳು ವರ್ಷಗಳು ಕಳೆದುವು. ಈ ಅವಧಿಯೆಲ್ಲವೂ ಚಂದಾ ಎತ್ತುವುದರಲ್ಲಿಯೂ ವಾದವಿವಾದಗಳಲ್ಲಿಯೂ ವ್ಯಯವಾಯಿತು. ಪಂಡಿತ ಈಶ್ವರಚಂದ್ರ ವಿದ್ಯಾಸಾಗರರು ಈ ಯತ್ನವನ್ನು ಬೆಂಬಲಿಸಿದವರಲ್ಲಿ ಒಬ್ಬರೆಂಬುದು ನಮ್ಮಂಥ ಸಂಸ್ಕೃತ ಪಾಠಶಾಲೆಗಳಿಂದ ಬಂದವರು ಸ್ಮರಿಸತಕ್ಕ ವಿಷಯ. ಬಂಕಿಮಚಂದ್ರರು ತಮ್ಮ 'ಬಂಗದರ್ಶನ'ದಲ್ಲಿ ಇದರ ಪರವಾಗಿ ಬರೆದರು. ವಿರುದ್ಧ ಪಕ್ಷವೂ ಇದ್ದಿತು. ಬಡ ದೇಶಕ್ಕೆ ಬೇಕಾದುದು ಕೈಗಾರಿಕೆಯನ್ನು ಕಲಿಸುವ ಶಾಲೆಯೇ ಹೊರತು ಫಲವು ಕಣ್ಣಿಗೆ ಕಾಣದ ಶುದ್ಧವಿಜ್ಞಾನವಲ್ಲವೆಂದು ಇಂಡಿಯನ್ ಲೀಗ್ ಎಂಬ ಸಂಘದವರು ವಾದಿಸಿದರು. ಮೂಲತತ್ತ್ವಗಳನ್ನು ತಿಳಿಯದೆ ಕೈಗಾರಿಕೆಯನ್ನು ಮಾತ್ರ ಕಲಿತವನು ಎಂದಿಗೂ ಪರರ ಅನುಕರಣದಲ್ಲಿಯೇ ನಿಲ್ಲುವನೆಂಬುದು ಮಹೇಂದ್ರಲಾಲರ ಸಮಾಧಾನ. ಕಡೆಗೆ ಅವರ ಪಕ್ಷವು ಗೆದ್ದಿತು. ೧೮೭೬ನೆಯ ಜುಲೈ ೨೯ರಂದು ಬೌಬಜಾರ್ ಬೀದಿಯ ೨೧೦ನೆಯ ಸಂಖ್ಯೆಯ ಮನೆಯಲ್ಲಿ ಸಂಸ್ಥೆಯು ಪ್ರಾರಂಭವಾಯಿತು.

ಮುಂದೆ ಉಪನ್ಯಾಸಶಾಲೆಯಾಯಿತು. ವಿಜಯನಗರಂ ಮಹಾರಾಜರ ಔದಾರ್ಯದಿಂದ ಅವರ ಹೆಸರಿನ ಪ್ರಯೋಗಶಾಲೆಯಾಯಿತು. ಕಾಳೀಕೃಷ್ಣ ಠಾಕೂರರ ದಾನದಿಂದ ಉಪಕರಣಗಳು ಬಂದುವು. ಸೇಂಟ್ ಝೇವಿಯರ್ ಕಾಲೇಜಿನ ಫಾದರ್ ಲಾಫೊ ಎಂಬ ಜೆಸುಯಿಟ್ ಪಾದ್ರಿಯವರು ಅನೇಕ ವರ್ಷಗಳ ಕಾಲ ಭೌತಶಾಸ್ತ್ರದ ಉಪನ್ಯಾಸಗಳನ್ನು ಪ್ರಯೋಗಸಹಿತವಾಗಿ ಮಾಡಿದರು. ಜಗದೀಶಚಂದ್ರ ಬೋಸರೂ ಆಶುತೋಷ ಮುಖರ್ಜಿಯವರೂ ಅಲ್ಲಿ ಪಾಠ ಹೇಳಿದವರು. ಇವರೆಲ್ಲರೂ ಬೇರೆ ಕಡೆ ವೃತ್ತಿಯುಳ್ಳವರು. ಬಿಡುವಿನಲ್ಲಿ ಬಂದು ಉಪನ್ಯಾಸವಿತ್ತು ಹೋಗುವವರು.

ಇಲ್ಲಿಯೇ ದೋಷದ ಮೂಲವಿದೆ. ಮಹೇಂದ್ರಲಾಲರು ಪ್ರತಿವರ್ಷವೂ ಬೇಡಿದುದು ಸ್ಥಿರವಾದ ಆಚಾರ್ಯಪೀಠಗಳಿಗೆ ಮೂಲಧನವನ್ನು. ದಾನಿಗಳು ಕೊಟ್ಟುದು ಕಟ್ಟಡಕ್ಕೆ ಮತ್ತು ಯಂತ್ರಕ್ಕೆ. ಕಟ್ಟಡದ ಮೇಲೆ ಹೆಸರು ನಿಲ್ಲುತ್ತದೆ, ಯಂತ್ರವನ್ನು ಬಂದವರಿಗೆ ತೋರಿಸಬಹುದು. ಒಬ್ಬ ವಿದ್ವಾಂಸನು ಇಪ್ಪತ್ತು ವರ್ಷ ನಿಶ್ಚಿಂತೆಯಿಂದ ಉಂಡು ಕೆಲಸಮಾಡಿದನೆಂಬುದನ್ನು ತೋರಿಸಲಾಗದು. ಈ ಕಾರಣದಿಂದ ಅವರ ಜೀವಮಾನದಲ್ಲಿ ಒಂದು ಪೀಠವೂ ಸ್ಥಾಪಿತವಾಗಲಿಲ್ಲ. ತಮ್ಮ ಯತ್ನವು ನಿಷ್ಫಲವಾಯಿತೆಂಬ ನಿರ್ವೇದದಲ್ಲಿಯೇ ಅವರು ೧೯೦೪ನೆಯ ಫೆಬ್ರವರಿಯಲ್ಲಿ ದಿವಂಗತರಾದರು. ಮಗನಾದ ಅಮೃತಲಾಲರು ಕಾರ್ಯದರ್ಶಿಗಳಾಗಿ ಮನೆಯನ್ನು ಕಾಪಾಡಿಕೊಂಡು ಬಂದರು. ಉಪಕರಣಗಳಿದ್ದುವು, ಅವುಗಳ ಮುಂದೆ ನಿಲ್ಲುವವರಿರಲಿಲ್ಲ. ದ್ರವ್ಯಪಕ್ಷಕ್ಕೆ ಇದೇ ಉತ್ತರ.

೩

೧೯೦೭ರಲ್ಲಿ ಹದಿನೆಂಟು ವರ್ಷದ ತರುಣನೊಬ್ಬನು ಕಲ್ಕತ್ತೆಗೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಬಂದನು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ. ಎ. ಮುಗಿಸಿದ್ದ ರಾಮನ್ನರು ಅದಕ್ಕೆ ಮುಂಚೆಯೇ, ೧೯೦೬ರಲ್ಲಿ, ಬೆಳಕಿನ ವಿವರ್ತನೆಯ ಮೇಲೆ ಬರೆದ ಮೊದಲ ಲೇಖನವನ್ನು ಇಂಗ್ಲೆಂಡಿನ 'ಫಿಲಾಸಾಫಿಕಲ್ ಮ್ಯಾಗಜೀನ್'ನಲ್ಲಿ ಪ್ರಕಟಿಸಿದ್ದರು. ಆದರೂ ವಿಜ್ಞಾನದಿಂದ ಜೀವನೋಪಾಯವಾಗುವ ಮಾರ್ಗವು ಆಗಿನ ಭಾರತೀಯನಿಗೆ ಇರಲಿಲ್ಲವೆಂದೇ ಹೇಳಬೇಕು. ಆದುದರಿಂದ ಅವರು ಹಣಕಾಸಿನ ಇಲಾಖೆಯ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಕಚೇರಿಯಿಂದ ಟ್ರಾಮ್ ಬಂಡಿಯಲ್ಲಿ ಹೋಗುವಾಗ ಬೌಬಜಾರಿನಲ್ಲಿ ಸಂಸ್ಥೆಯ ಫಲಕವನ್ನು ಕಂಡು ಇಳಿದು ಬಾಗಿಲು ತಟ್ಟಿದರೆಂಬ ವೃತ್ತಾಂತವು ಪ್ರಸಿದ್ಧವಾಗಿದೆ. ಬಾಗಿಲು ತೆರೆದವರು ಆಶುತೋಷ ದೇ ಎಂಬ ಸಹಾಯಕರು. ಅಮೃತಲಾಲರು ತರುಣನನ್ನು ಆದರದಿಂದ ಸ್ವೀಕರಿಸಿ ಪ್ರಯೋಗಶಾಲೆಯನ್ನು ಬಿಟ್ಟುಕೊಟ್ಟರು. ಮೂವತ್ತು ವರ್ಷ ಮನೆಯು ಆಚಾರ್ಯನಿಗಾಗಿ ಕಾದಿದ್ದಿತು.

ಇಲ್ಲಿ ಎರಡನೆಯ ಪಕ್ಷದವರು ಹೇಳುವರು: ಪ್ರತಿಭೆಯು ಬಂದೊಡನೆ ಕಾರ್ಯವಾಯಿತಷ್ಟೆ, ಮಹೇಂದ್ರಲಾಲರ ಶ್ರಮದಿಂದ ಏನಾದಂತಾಯಿತು, ಎಂದು. ಇದು ವಿಚಾರವಿಲ್ಲದ ಮಾತು. ರಂಗೂನಿಗೂ ನಾಗಪುರಕ್ಕೂ ವರ್ಗವಾದ ೧೯೦೯–೧೧ರ ಅವಧಿಯನ್ನು ಬಿಟ್ಟು, ಹತ್ತು ವರ್ಷಗಳ ಕಾಲ ರಾಮನ್ನರು ಬೆಳಗಿನ ಐದೂವರೆ ಗಂಟೆಗೆ ಪ್ರಯೋಗಶಾಲೆಗೆ ಹೋಗಿ ಕಚೇರಿಯ ವೇಳೆಗೆ ಹಿಂದಿರುಗುತ್ತಿದ್ದರು. ಸಂಜೆ ಕಚೇರಿಯಿಂದ ನೇರವಾಗಿ ಅಲ್ಲಿಗೇ ಬಂದು ರಾತ್ರಿಯವರೆಗೆ ಕೆಲಸಮಾಡುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತೆರೆಯುವ, ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲದ, ಸರ್ಕಾರದ ನಿಯಮಗಳಿಗೆ ಒಳಪಡದ ಒಂದು ಪ್ರಯೋಗಶಾಲೆಯು ಅಲ್ಲಿ ಇಲ್ಲದಿದ್ದರೆ ಕಚೇರಿಯ ಅಧಿಕಾರಿಯೊಬ್ಬನಿಗೆ ಇದು ಹೇಗೆ ಸಾಧ್ಯವಾಗುತ್ತಿದ್ದಿತು? ವಿಶ್ವವಿದ್ಯಾನಿಲಯದ ಶಾಲೆಯು ಹೊರಗಿನವನಿಗೆ ಹಾಗೆ ತೆರೆದಿರುವುದಿಲ್ಲ. ಸಂಸ್ಥೆಯು ಸ್ವತಂತ್ರವಾಗಿರಬೇಕೆಂದು ಮಹೇಂದ್ರಲಾಲರು ಹಿಡಿದ ಹಟವು ಅವರ ಮರಣಾನಂತರ ಈ ರೀತಿಯಲ್ಲಿ ಫಲಕೊಟ್ಟಿತು.

ಆ ಹತ್ತು ವರ್ಷಗಳ ಕಾರ್ಯದಲ್ಲಿ ಎರಡು ಸಂಗತಿಗಳು ವಿಶೇಷವಾಗಿ ಗಮನಾರ್ಹವಾದವು. ಮೊದಲನೆಯದು ವಿಷಯದ ಆಯ್ಕೆ. ಬಡ ಶಾಲೆಯ ಶಕ್ತಿಗೆ ಮೀರಿದ ಪ್ರಶ್ನೆಗಳನ್ನು ರಾಮನ್ನರು ಎತ್ತಿಕೊಳ್ಳಲಿಲ್ಲ. ತಂತಿಯ ಕಂಪನ, ಪಿಟೀಲು, ವೀಣೆ, ತಂಬೂರಿ, ಮೃದಂಗಗಳ ನಾದ ಇವುಗಳನ್ನು ಕೈಗೆತ್ತಿಕೊಂಡರು. ಈ ಸಾಮಗ್ರಿ ಅಂಗಡಿಯಲ್ಲಿ ದೊರೆಯುವಂಥದು. ಪ್ರಶ್ನೆ ಮಾತ್ರ ಕ್ಷುದ್ರವಾದುದಲ್ಲ. ಸಾಮಾನ್ಯವಾದ ಚರ್ಮವಾದ್ಯಗಳ ಉಪಸ್ವರಗಳು ಮೂಲಸ್ವರದೊಡನೆ ಹೊಂದುವುದಿಲ್ಲ. ನಮ್ಮ ಮೃದಂಗದಲ್ಲಿ ಮಾತ್ರ ನಡುವೆ ಮೆತ್ತುವ ಕರಣೆಯ ಭಾರದಿಂದ ಅವು ತಂತಿಯ ವಾದ್ಯದಂತೆ ಸಂವಾದಿಗಳಾಗುತ್ತವೆಂಬುದನ್ನು ಅವರು ಶಿವಕಾಳಿ ಕುಮಾರರೊಡನೆ ೧೯೨೦ರಲ್ಲಿ ಪ್ರಕಟಿಸಿದರು. ಪೂರ್ವಿಕರಾದ ವಾದ್ಯಕಾರರು ಕಿವಿಯಿಂದ ಸಾಧಿಸಿದ್ದುದಕ್ಕೆ ಇಲ್ಲಿ ಉಪಪತ್ತಿ ದೊರೆಯಿತು.

ಎರಡನೆಯದು ಕುಶಲಿಗಳಾದ ಸಹಾಯಕರಿಗೆ ಸಂದ ಗೌರವ. ಮೇಲೆ ಹೇಳಿದ ಆಶುತೋಷ ದೇ ಅವರು ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತಿದವರಲ್ಲ. ಆದರೂ ರಾಮನ್ನರ ಬಳಿ ಕೆಲಸಮಾಡುತ್ತ ತಮ್ಮ ಹೆಸರಿನಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಶಿಷ್ಯನ ಅಥವಾ ಸಹಾಯಕನ ಕಾರ್ಯವು ಶಿಷ್ಯನ ಹೆಸರಿನಲ್ಲಿಯೇ ಹೊರಬರಬೇಕೆಂಬ ಈ ಧರ್ಮವನ್ನು ಪಾಲಿಸದೆ ಯಾವ ಶಾಲೆಯೂ ಬಹುಕಾಲ ಬಾಳದು. ಗ್ರಂಥಸಂಪಾದನದಲ್ಲಿ ಪಾಠಾಂತರಗಳನ್ನು ಹೋಲಿಸಿ ಕಣ್ಣು ಸವೆಸಿದವನೊಬ್ಬ, ಮುಖಪತ್ರದಲ್ಲಿ ಹೆಸರು ಮತ್ತೊಬ್ಬನದು ಎಂಬ ರೂಢಿಯುಳ್ಳವರು ಇದನ್ನು ಯೋಚಿಸತಕ್ಕದ್ದು.

೪

ಮಹೇಂದ್ರಲಾಲರಿಗೆ ದೊರೆಯದ ಪೀಠವು ಬೇರೆ ಕಡೆಯಿಂದ ಬಂದಿತು. ವಕೀಲರಾದ ತಾರಕನಾಥ ಪಾಲಿತರು ಕಲ್ಕತ್ತೆಯ ವಿಶ್ವವಿದ್ಯಾನಿಲಯಕ್ಕೆ ವಿಜ್ಞಾನಪೀಠಗಳಿಗಾಗಿಯೇ ಅಪಾರವಾದ ಆಸ್ತಿಯನ್ನು ದತ್ತಿಯಾಗಿ ಬಿಟ್ಟರು. ಪೀಠಗಳಿಗೆ ಭಾರತೀಯರನ್ನೇ ನೇಮಿಸಬೇಕೆಂಬುದು ದತ್ತಿಯ ನಿಬಂಧನೆ. ಉಪಕುಲಪತಿಗಳಾಗಿದ್ದ ಆಶುತೋಷ ಮುಖರ್ಜಿಯವರು ಭೌತಶಾಸ್ತ್ರದ ಪಾಲಿತ ಪೀಠಕ್ಕೆ ರಾಮನ್ನರನ್ನು ಕರೆದರು. ಪೀಠಕ್ಕೆ ಬರುವವನು ವಿದೇಶದಲ್ಲಿ ಶಿಕ್ಷಣ ಪಡೆದಿರಬೇಕೆಂಬ ನಿಬಂಧನೆಯೂ ಇದ್ದಿತು; ಕಲಿಯುವುದಕ್ಕಾಗಿ ಹೊರದೇಶಕ್ಕೆ ಹೋಗುವುದಿಲ್ಲವೆಂದು ರಾಮನ್ನರು ನಿರಾಕರಿಸಲು, ಅವರ ವಿಷಯದಲ್ಲಿ ಅದನ್ನು ಸಡಿಲಿಸಲಾಯಿತು. ೧೯೧೭ರಲ್ಲಿ ಅವರು ಸರ್ಕಾರಿ ಅಧಿಕಾರವನ್ನು ತ್ಯಜಿಸಿ, ಸುಮಾರು ಅರ್ಧಕ್ಕೆ ಇಳಿದ ಸಂಬಳಕ್ಕೆ ಪ್ರಾಧ್ಯಾಪಕರಾದರು. ೧೯೧೯ರಲ್ಲಿ ಅಮೃತಲಾಲರು ತೀರಿಕೊಂಡ ಮೇಲೆ ಬೌಬಜಾರಿನ ಸಂಸ್ಥೆಯ ಗೌರವ ಕಾರ್ಯದರ್ಶಿಗಳೂ ಆದರು. ಇಂತು ವೃತ್ತಿಯು ವಿಶ್ವವಿದ್ಯಾನಿಲಯದಲ್ಲಿ, ಪ್ರಯೋಗವು ಸಂಸ್ಥೆಯಲ್ಲಿ, ಶಿಷ್ಯರು ಎರಡರಲ್ಲಿಯೂ ಎಂಬ ಏರ್ಪಾಡಾಯಿತು. ಸ್ಥಾನ, ವೃತ್ತಿ, ಆಚಾರ್ಯ, ಅಂತೇವಾಸಿಗಳೆಂಬ ನಾಲ್ಕು ಅಂಗಗಳೂ ಮೊದಲ ಬಾರಿಗೆ ಕೂಡಿದುದು ಆಗಲೇ.

ಫಲವು ಬೇಗ ಕಂಡುಬಂದಿತು. ೧೯೨೧ರಲ್ಲಿ ಆಕ್ಸ್‌ಫರ್ಡಿನಲ್ಲಿ ಸೇರಿದ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕೆ ಹೋಗಿ ಹಡಗಿನಲ್ಲಿ ಹಿಂದಿರುಗುವಾಗ, ಸಮುದ್ರದ ನೀಲವರ್ಣವು ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುವುದರಿಂದ ಉಂಟಾದುದು ಎಂಬುದನ್ನು ರಾಮನ್ನರು ಪರೀಕ್ಷಿಸಿ ಕಂಡರು. ಮರಳಿ ಬಂದ ಮೇಲೆ ಇಡೀ ಶಾಲೆಯನ್ನು ಆ ಒಂದು ಪ್ರಶ್ನೆಯತ್ತ ತಿರುಗಿಸಿದರು. ಅಲ್ಲಿಂದ ೧೯೨೮ರವರೆಗಿನ ಕಾರ್ಯಕ್ರಮವನ್ನು ನೋಡಿದರೆ ಮಹಾಶೋಧವು ಒಂದು ದಿನದ ಮಿಂಚಲ್ಲವೆಂಬುದು ಸ್ಪಷ್ಟವಾಗುತ್ತದೆ. ೧೯೨೩ರಲ್ಲಿ ಕೆ. ಆರ್. ರಾಮನಾಥನ್ನರು ದ್ರವಗಳಲ್ಲಿ ಚದುರಿದ ಬೆಳಕಿನ ಜೊತೆಗೆ ಕ್ಷೀಣವಾದ ಮತ್ತೊಂದು ಪ್ರಭೆಯನ್ನು ಕಂಡರು. ಅದನ್ನು ಅಶುದ್ಧಿಯಿಂದಾದ ಪ್ರತಿದೀಪ್ತಿಯೆಂದು ಶಂಕಿಸಿ ದ್ರವವನ್ನು ಎಷ್ಟು ಶುದ್ಧಿಮಾಡಿದರೂ ಅದು ಹೋಗಲಿಲ್ಲ. ಎಸ್. ವೆಂಕಟೇಶ್ವರನ್ನರು ಸರ್ಕಾರಿ ಪರೀಕ್ಷಾಗೃಹದಲ್ಲಿ ಉದ್ಯೋಗದಲ್ಲಿದ್ದು ಬಿಡುವಿನಲ್ಲಿ ಬಂದು ಕೆಲಸಮಾಡುವವರು. ಅವರು ಗ್ಲಿಸರೀನಿನಲ್ಲಿ ಅದೇ ಪ್ರಭೆಯನ್ನು ಇನ್ನೂ ಸ್ಪಷ್ಟವಾಗಿ ಕಂಡರು. ಕಡೆಗೆ ಕೆ. ಎಸ್. ಕೃಷ್ಣನ್ನರೊಡನೆ ರಾಮನ್ನರು ತಾವೇ ಪ್ರಯೋಗಕ್ಕೆ ನಿಂತು ಆ ಪ್ರಭೆಯು ಪ್ರತಿದೀಪ್ತಿಯಲ್ಲ, ಚದುರುವಾಗ ವರ್ಣವನ್ನೇ ಬದಲಿಸಿಕೊಂಡ ಬೆಳಕು ಎಂಬುದನ್ನು ೧೯೨೮ನೆಯ ಫೆಬ್ರವರಿ ೨೮ರಂದು ನಿಶ್ಚಯಿಸಿದರು. ಐದು ವರ್ಷಗಳ ಹಿಂದೆ ಶಿಷ್ಯನೊಬ್ಬನು ಬರೆದಿಟ್ಟ ಶಂಕೆಯನ್ನು ಶಾಲೆಯು ಮರೆಯದೆ ಉಳಿಸಿಕೊಂಡು ಬಂದುದೇ ಈ ಸಿದ್ಧಿಗೆ ಕಾರಣ. ಒಬ್ಬೊಬ್ಬನೇ ಕೆಲಸಮಾಡಿ ಚದುರಿಹೋಗುವ ಕಡೆ ಇಂಥ ಸ್ಮೃತಿಯು ಇರಲಾರದು. ಪರಂಪರೆಯಿರುವ ಕಡೆ ಮಾತ್ರ ಇರುವುದು.

ಶೋಧದ ಪ್ರಕಟನೆಯಲ್ಲಿಯೂ ಒಂದು ನೀತಿಯಿದೆ. ಸಂಸ್ಥೆಯು ೧೯೨೬ರಿಂದ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್' ಎಂಬ ಸ್ವಂತ ಪತ್ರಿಕೆಯನ್ನು ಹೊರಡಿಸುತ್ತಿದ್ದಿತು. ೧೯೨೮ನೆಯ ಮಾರ್ಚ್ ೧೬ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಆಶ್ರಯದಲ್ಲಿ ರಾಮನ್ನರು ಈ ಹೊಸ ಪ್ರಭೆಯನ್ನು ಕುರಿತು ಉಪನ್ಯಾಸ ಮಾಡಿದರು. ಆ ಉಪನ್ಯಾಸವು ಕೂಡಲೇ ಆ ಪತ್ರಿಕೆಯಲ್ಲಿ ಅಚ್ಚಾಗಿ, ಪ್ರತಿಗಳು ದೇಶವಿದೇಶಗಳ ವಿದ್ವಾಂಸರಿಗೆ ಟಪಾಲಿನಲ್ಲಿ ಹೋದುವು. ಅದೇ ಕಾಲದಲ್ಲಿ ಮಾಸ್ಕೋ ನಗರದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬ ವಿದ್ವಾಂಸರು ಸ್ಫಟಿಕಗಳಲ್ಲಿ ಇದೇ ಸಂಗತಿಯನ್ನು ಸ್ವತಂತ್ರವಾಗಿ ಕಂಡಿದ್ದರು. ಅವರ ವಿಸ್ತಾರವಾದ ಲೇಖನವು ತಿಂಗಳುಗಳ ಅನಂತರ ಹೊರಬಂದಿತು. ಸ್ವಂತ ಪತ್ರಿಕೆಯಿಲ್ಲದಿದ್ದರೆ ಪ್ರಾಥಮ್ಯವು ಅನಿಶ್ಚಿತವಾಗುತ್ತಿದ್ದಿತೋ ಏನೋ. ೧೯೩೦ರಲ್ಲಿ ನೊಬೆಲ್ ಪಾರಿತೋಷಕವು ರಾಮನ್ನರಿಗೆ ಸಂದಿತು.

೫

೧೯೩೩ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರಕ್ಕೆ ನಿರ್ದೇಶಕರಾಗಿ ಬಂದರು. ಜಮಶೇಟಜಿ ತಾತಾ ಅವರ ದಾನದಿಂದಲೂ ಮೈಸೂರು ಸಂಸ್ಥಾನವು ಕೊಟ್ಟ ೩೭೧ ಎಕರೆ ಭೂಮಿಯಿಂದಲೂ ೧೯೦೯ರಲ್ಲಿ ಸ್ಥಾಪಿತವಾಗಿದ್ದ ಆ ಮಂದಿರಕ್ಕೆ ಅವರು ಮೊದಲನೆಯ ಭಾರತೀಯ ನಿರ್ದೇಶಕರು. ಅಲ್ಲಿ ಅದುವರೆಗೆ ಇಲ್ಲದ ಭೌತಶಾಸ್ತ್ರ ವಿಭಾಗವನ್ನು ಅವರು ಹೊಸದಾಗಿ ತೆರೆದರು. ನಾಗೇಂದ್ರನಾಥರೊಡನೆ ಶಬ್ದತರಂಗಗಳಿಂದ ಬೆಳಕಿನ ವಿವರ್ತನೆಯ ಸಿದ್ಧಾಂತವು ಇಲ್ಲಿಯೇ ರಚಿತವಾಯಿತು. ಪಿ. ನೀಲಕಂಠನ್, ಜಿ. ಎನ್. ರಾಮಚಂದ್ರನ್ ಮೊದಲಾದ ಶಿಷ್ಯರು ಇಲ್ಲಿಯೇ ಸಿದ್ಧರಾದರು. ೧೯೩೪ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಅಕಾಡೆಮಿಯು ಅದೇ ವರ್ಷದಿಂದ ಸ್ವಂತ ಪತ್ರಿಕೆಯನ್ನು ಪ್ರಾರಂಭಿಸಿತು. ಬೌಬಜಾರಿನಲ್ಲಿ ಕಲಿತ ಪಾಠವನ್ನು ಅವರು ಇಲ್ಲಿ ಬೇಗನೆ ಪ್ರಯೋಗಿಸಿದರು.

ಆದರೆ ಆಚಾರ್ಯತ್ವವು ಬೇರೆ, ಆಡಳಿತವು ಬೇರೆ. ಕಾಳಿದಾಸನು ಮಾಲವಿಕಾಗ್ನಿಮಿತ್ರದಲ್ಲಿ, ಕೆಲವರಿಗೆ ವಿದ್ಯೆಯು ತಮ್ಮಲ್ಲಿ ಚೆನ್ನಾಗಿರುವುದು, ಕೆಲವರಿಗೆ ಅದನ್ನು ಪರರಲ್ಲಿ ಸಂಕ್ರಮಿಸುವ ಶಕ್ತಿಯಿರುವುದು, ಎರಡೂ ಉಳ್ಳವನೇ ಶಿಕ್ಷಕರಲ್ಲಿ ಅಗ್ರಗಣ್ಯನು ಎಂಬ ಅಭಿಪ್ರಾಯವನ್ನು ಪರಿವ್ರಾಜಿಕೆಯ ಬಾಯಲ್ಲಿ ಹೇಳಿಸಿದ್ದಾನೆ. ಸಂಸ್ಥಾಧಿಪತಿಗೆ ಮೂರನೆಯದೊಂದು ಗುಣವೂ ಬೇಕಾಗುತ್ತದೆ. ತನ್ನ ಶಾಸ್ತ್ರಕ್ಕಿಂತ ಬೇರೆಯಾದ ಶಾಸ್ತ್ರದವನ ಅವಶ್ಯಕತೆಯನ್ನು ತನ್ನದಕ್ಕೆ ಸಮನಾಗಿ ಎಣಿಸುವ ಸಮದೃಷ್ಟಿ. ಭೌತಶಾಸ್ತ್ರಕ್ಕೆ ಹೆಚ್ಚು ಹಣವನ್ನು ತಿರುಗಿಸಿ ಇತರ ವಿಭಾಗಗಳನ್ನು ಕ್ಷೀಣಗೊಳಿಸಿದರೆಂದೂ, ಸಹೋದ್ಯೋಗಿಗಳ ಮಾತಿಗೆ ಮನ್ನಣೆ ಕೊಡಲಿಲ್ಲವೆಂದೂ ರಾಮನ್ನರ ಮೇಲೆ ಆಕ್ಷೇಪಣೆಗಳು ಬಂದುವು. ಜರ್ಮನಿಯಿಂದ ನಿರ್ವಾಸಿತರಾಗಿದ್ದ ಮ್ಯಾಕ್ಸ್ ಬಾರ್ನ್ ಎಂಬ ಮಹಾವಿದ್ವಾಂಸರನ್ನು ಅವರು ೧೯೩೫ರಲ್ಲಿ ಕರೆಸಿಕೊಂಡುದು ದೂರದೃಷ್ಟಿಯ ಕಾರ್ಯ. ಆದರೆ ಬಾರ್ನರಿಗೆ ಸ್ಥಿರವಾದ ಪೀಠವನ್ನು ಮಂಜೂರುಮಾಡಿಸುವುದು ಅವರಿಂದ ಆಗಲಿಲ್ಲ. ೧೯೩೬ರಲ್ಲಿ ಸರ್ ಜೇಮ್ಸ್ ಅರ್ವಿನ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾಸಮಿತಿಯು ಕುಳಿತಿತು. ೧೯೩೭ರಲ್ಲಿ ರಾಮನ್ನರು ನಿರ್ದೇಶಕತ್ವವನ್ನು ಬಿಟ್ಟು ಪ್ರಾಧ್ಯಾಪಕರಾಗಿ ಮಾತ್ರ ಉಳಿದರು. ಕಲ್ಕತ್ತೆಯಲ್ಲಿಯೂ ಅವರು ದಕ್ಷಿಣದ ಶಿಷ್ಯರಿಗೆ ಪಕ್ಷಪಾತಮಾಡುವರೆಂಬ ಅಸಮಾಧಾನವು ಬೆಳೆದು, ೧೯೩೪ರಲ್ಲಿ ಬೌಬಜಾರಿನ ಸಂಸ್ಥೆಯೊಡನೆ ಅವರ ಸಂಬಂಧವು ಕಡಿದುಹೋಗಿದ್ದಿತು.

ಈ ಆಕ್ಷೇಪಣೆಗಳಲ್ಲಿ ಎಷ್ಟು ಸತ್ಯ, ಎಷ್ಟು ಮಾತ್ಸರ್ಯವೆಂಬ ವಿವಾದವು ಇನ್ನೂ ಮುಗಿದಿಲ್ಲ. ವಿದೇಶೀಯರ ಹಿಡಿತದಲ್ಲಿದ್ದ ಸಂಸ್ಥೆಯೊಂದನ್ನು ಸ್ವದೇಶೀಯನೊಬ್ಬನು ತಿದ್ದಹೊರಟಾಗ ವಿರೋಧವು ಸಹಜವೆಂಬ ಸಮಾಧಾನದಲ್ಲಿ ಹುರುಳಿದೆ. ಆದರೆ ಅದು ಎಲ್ಲಕ್ಕೂ ಸಮಾಧಾನವಾಗಲಾರದು. ೧೯೩೩ರಲ್ಲಿ ಕಮಲಾ ಭಾಗವತ ಎಂಬ ಪದವೀಧರೆಯು ಪ್ರವೇಶವನ್ನು ಬೇಡಿದಾಗ ಹೆಂಗಸೆಂಬ ಕಾರಣದಿಂದ ರಾಮನ್ನರು ನಿರಾಕರಿಸಿ, ಆಕೆ ಪಟ್ಟುಹಿಡಿದ ಮೇಲೆ ಕಠಿನವಾದ ನಿಬಂಧನೆಗಳೊಡನೆ ಸೇರಿಸಿಕೊಂಡರು. ಆಕೆ ಎಂ. ಶ್ರೀನಿವಾಸಯ್ಯನವರ ಬಳಿ ಜೀವರಸಾಯನದಲ್ಲಿ ಕೆಲಸಮಾಡಿ, ಮುಂದೆ ಕೇಂಬ್ರಿಡ್ಜಿನಿಂದ ಡಾಕ್ಟರೇಟ್ ಪಡೆದು ಕಮಲಾ ಸೊಹೊನಿಯೆಂಬ ಹೆಸರಿನಿಂದ ಖ್ಯಾತರಾದರು. ಬಳಿಕ ರಾಮನ್ನರ ಶಾಲೆಯಲ್ಲಿಯೇ ಸುನಂದಾಬಾಯಿ, ಅನ್ನಾ ಮಣಿ ಮುಂತಾದ ವಿದುಷಿಯರು ಕೆಲಸಮಾಡಿದರು. ಅನ್ನಾ ಮಣಿಯವರು ವಜ್ರಗಳ ಮೇಲೆ ವರ್ಷಾನುಗಟ್ಟಲೆ ಶ್ರಮಿಸಿ ಪ್ರಬಂಧವನ್ನು ಒಪ್ಪಿಸಿದರೂ, ಎಂ. ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಡಾಕ್ಟರೇಟ್ ದೊರೆಯಲಿಲ್ಲ. ಆಚಾರ್ಯನ ಇಚ್ಛೆಯೇ ನಿಯಮವಾದ ಕಡೆ ಅವನ ಗುಣದಂತೆ ಅವನ ದೋಷವೂ ಸಂಸ್ಥೆಯ ನಿಯಮವಾಗುತ್ತದೆ. ನಿಯಮವೇ ಆಚಾರ್ಯನಾದ ಕಡೆ ಯೋಗ್ಯತೆಯು ಕಣ್ಣೆದುರಿಗಿದ್ದರೂ ಕಾಣದಾಗುತ್ತದೆ. ಇವೆರಡರ ಮಧ್ಯಮಮಾರ್ಗವು ಸುಲಭವಾದುದಲ್ಲ.

೬

೧೯೪೮ರಲ್ಲಿ ನಿವೃತ್ತರಾದ ರಾಮನ್ನರು, ಮೈಸೂರು ಮಹಾರಾಜರು ಅಕಾಡೆಮಿಗೆ ಕೊಟ್ಟಿದ್ದ ಭೂಮಿಯಲ್ಲಿ ತಮ್ಮ ಹೆಸರಿನ ಸಂಶೋಧನಮಂದಿರವನ್ನು ಪ್ರಾರಂಭಿಸಿದರು. ಆರಂಭದಲ್ಲಿ ಕಟ್ಟಡಕ್ಕೆ ವಿದ್ಯುತ್ತು ಬಂದಿರಲಿಲ್ಲ. ಕನ್ನಡಿ ಮಸೂರಗಳಿಂದ ಸೂರ್ಯನ ಬೆಳಕನ್ನು ಒಳಗೆ ತಂದು ಅವರು ಪ್ರಯೋಗಗಳನ್ನು ಮಾಡಿದರು. ಸರ್ಕಾರದ ಧನವನ್ನು ಸ್ವೀಕರಿಸಿದರೆ ಸ್ವಾತಂತ್ರ್ಯವು ಹೋಗುವುದೆಂಬುದು ಅವರ ದೃಢವಾದ ಅಭಿಪ್ರಾಯ. ಅದು ಮಹೇಂದ್ರಲಾಲರ ಅಭಿಪ್ರಾಯವೇ ಆಗಿದ್ದಿತು. ಇಲ್ಲಿ ಅವರಿಗೆ ಯಾವ ಮಂಡಲಿಯ ಅಡ್ಡಿಯೂ ಇರಲಿಲ್ಲ. ಆದರೆ ಶಿಷ್ಯಪ್ರವಾಹವೂ ಹಿಂದಿನಷ್ಟು ಇರಲಿಲ್ಲ. ಎಸ್. ಪಂಚರತ್ನಂ ಎಂಬ ತರುಣರು ೧೯೫೬ರಲ್ಲಿ ಧ್ರುವೀಕೃತವಾದ ಬೆಳಕಿನ ವಿಷಯದಲ್ಲಿ ಇಲ್ಲಿ ಕಂಡುಹಿಡಿದ ತತ್ತ್ವವು ದಶಕಗಳ ಅನಂತರ ಜಗತ್ತಿನ ಮನ್ನಣೆಯನ್ನು ಪಡೆಯಿತು. ಅವರಾದರೋ ೧೯೬೯ರಲ್ಲಿಯೇ ಅಕಾಲಮರಣಕ್ಕೆ ಈಡಾದರು. ೧೯೭೦ನೆಯ ನವೆಂಬರ್ ೨೧ರಂದು ರಾಮನ್ನರು ದಿವಂಗತರಾದರು. ೧೯೭೨ರಲ್ಲಿ ಮಂದಿರವು ಸರ್ಕಾರದ ಸಹಾಯಧನವನ್ನು ಪಡೆಯುವ ಸ್ವಾಯತ್ತ ಸಂಸ್ಥೆಯಾಗಿ ಪುನರ್ರಚಿತವಾಯಿತು. ಅಂದಿನಿಂದ ಅದು ಬೆಳೆಯುತ್ತ ಬಂದಿದೆ.

ಬೌಬಜಾರಿನ ಸಂಸ್ಥೆಯ ಗತಿಯೇನಾಯಿತು? ರಾಮನ್ನರು ಹೊರಟ ೧೯೩೩ರಲ್ಲಿಯೇ ಮಹೇಂದ್ರಲಾಲ ಸರ್ಕಾರರ ಹೆಸರಿನ ಪ್ರಾಧ್ಯಾಪಕಪೀಠಕ್ಕೆ ಕೃಷ್ಣನ್ನರು ಮೊದಲ ಆಚಾರ್ಯರಾಗಿ ಬಂದರು. ಸ್ಥಾಪಕರು ಮೂವತ್ತು ವರ್ಷ ಬೇಡಿ ಪಡೆಯದೆಹೋದುದು ಅವರು ಗತಿಸಿದ ಇಪ್ಪತ್ತೊಂಬತ್ತು ವರ್ಷಗಳ ಮೇಲೆ ಅವರ ಹೆಸರಿನಲ್ಲಿಯೇ ಸಿದ್ಧಿಸಿತು. ಮುಂದೆ ಮೇಘನಾದ ಸಾಹಾ ಅವರ ಪ್ರಯತ್ನದಿಂದ ಸಂಸ್ಥೆಯು ಜಾದವಪುರದಲ್ಲಿ ವಿಸ್ತಾರವಾದ ಹೊಸ ನೆಲೆಯನ್ನು ಪಡೆದು ಇಂದಿಗೂ ನಡೆಯುತ್ತಿದೆ.

೭

ಇಷ್ಟರಿಂದ ಸಿದ್ಧವಾಗುವ ಅಂಶಗಳಿವು. ಸ್ಥಾನವು ಸಹಕಾರಿಕಾರಣ, ಅದೊಂದರಿಂದಲೇ ಕಾರ್ಯವು ಹುಟ್ಟದು, ಅದಿಲ್ಲದೆಯೂ ಹುಟ್ಟದು. ಆಚಾರ್ಯನು ನಿಮಿತ್ತಕಾರಣ; ಅವನು ಬರುವವರೆಗೆ ಸ್ಥಾನವನ್ನು ಕಾಪಾಡಿ ಕಾಯತಕ್ಕವರೂ ಪುಣ್ಯಭಾಗಿಗಳೇ. ಶಿಷ್ಯಪರಂಪರೆಯನ್ನೇ ಉಪಾದಾನವೆನ್ನಬೇಕು, ಕಾರ್ಯವು ಅದರಲ್ಲಿಯೇ ರೂಪುಗೊಂಡು ಅದರಲ್ಲಿಯೇ ಉಳಿಯುತ್ತದೆ. ಇವು ಮೂರನ್ನೂ ಕಟ್ಟಿಹಿಡಿಯುವುದು ವೃತ್ತಿ. ವೃತ್ತಿಯು ಸ್ಥಿರವಾಗಿಲ್ಲದ ಕಡೆ ಆಚಾರ್ಯನು ಕಚೇರಿಯ ಮುಂಚಿನ ನಾಲ್ಕು ಗಂಟೆಗಳನ್ನೂ ಅನಂತರದ ನಾಲ್ಕು ಗಂಟೆಗಳನ್ನೂ ಮಾತ್ರ ವಿದ್ಯೆಗೆ ಕೊಡಬಲ್ಲನು. ಅಂಥ ದೇಹಶಕ್ತಿಯೂ ಸಂಕಲ್ಪವೂ ಎಲ್ಲರಿಗೂ ಇರುವುವೆಂದು ನಂಬಿ ಸಂಸ್ಥೆಗಳನ್ನು ಕಟ್ಟುವುದು ವಿವೇಕವಲ್ಲ.

ಈ ತತ್ತ್ವವು ನಮ್ಮ ಪೂರ್ವಿಕರಿಗೆ ತಿಳಿದಿದ್ದಿತು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಯನ್ನು ಹೇಳುವ ಕ್ರಿ. ಶ. ೯೪೫ರ ಸಾಲೋಟಗಿಯ ಶಾಸನದಲ್ಲಿ ಶಾಲೆಯ ಕಟ್ಟಡವೊಂದೇ ಉಕ್ತವಾಗಿಲ್ಲ; ವಿದ್ಯಾರ್ಥಿಗಳ ವಸತಿಗೆ ಮನೆಗಳು, ದೀಪಕ್ಕೆ ಬೇರೆ ಭೂಮಿ, ಉಪಾಧ್ಯಾಯನ ಜೀವನಕ್ಕೆ ಬೇರೆ ಭೂಮಿ ಎಂದು ವಿಭಾಗಿಸಿ ಬಿಟ್ಟಿದೆ. ನಾಗಾವಿಯ ೧೦೫೮ರ ಶಾಸನವು ಘಟಿಕಾಸ್ಥಾನದ ಉಪಾಧ್ಯಾಯರ ಜೊತೆಗೆ ಗ್ರಂಥಗಳನ್ನು ಕಾಯುವ ಸರಸ್ವತೀಭಂಡಾರಿಗರಿಗೂ ವೃತ್ತಿಯನ್ನು ಏರ್ಪಡಿಸುತ್ತದೆ. ದೀಪದ ಎಣ್ಣೆಗೂ ಗ್ರಂಥಪಾಲಕನ ಅನ್ನಕ್ಕೂ ದತ್ತಿಯನ್ನು ಕಲ್ಲಿನಲ್ಲಿ ಕೊರೆಯಿಸಿದ ಆ ದಾನಿಗಳು, ಕಟ್ಟಡದ ಮೇಲೆ ಹೆಸರನ್ನು ಮಾತ್ರ ಕೊರೆಯಿಸಿಕೊಂಡ ಆಧುನಿಕರಿಗಿಂತ ವಿದ್ಯೆಯ ಸ್ವರೂಪವನ್ನು ಚೆನ್ನಾಗಿ ಅರಿತವರಾಗಿದ್ದರು.

ನಮ್ಮ ಕಾರ್ಯಕ್ಕೂ ಇದು ಸಲ್ಲುವ ಮಾತು. ಮೈಸೂರಿನ ಪ್ರಾಚ್ಯಗ್ರಂಥಾಲಯವು ೧೮೯೧ರಲ್ಲಿ ಸ್ಥಾಪಿತವಾಯಿತು. ಅಲ್ಲಿಗೆ ಬಂದು ಸೇರಿದ ಓಲೆಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವೂ ಒಂದೆಂದು ಗುರುತಿಸಿ ೧೯೦೯ರಲ್ಲಿ ಅಚ್ಚುಮಾಡಿಸುವುದಕ್ಕೆ ಆರ್. ಶಾಮಶಾಸ್ತ್ರಿಗಳು ಅಲ್ಲಿ ವೃತ್ತಿಯಲ್ಲಿ ಕುಳಿತು ಓದುವವರಾಗಿದ್ದುದು ಬೇಕಾಯಿತು. ಓಲೆಯು ಕಪಾಟಿನಲ್ಲಿದ್ದ ಮಾತ್ರಕ್ಕೆ ಗ್ರಂಥವು ಲೋಕಕ್ಕೆ ದೊರೆತಂತಾಗಲಿಲ್ಲ. ಇಂದು ನಮ್ಮ ನಾಡಿನಲ್ಲಿ ಹಸ್ತಪ್ರತಿಗಳ ಸಂಗ್ರಹಗಳು ಅನೇಕವಿವೆ, ಕಟ್ಟಡಗಳೂ ಇವೆ; ಹಳಗನ್ನಡದ ಲಿಪಿಯನ್ನೂ ಛಂದಸ್ಸನ್ನೂ ಬಲ್ಲವರು ನಿವೃತ್ತರಾದ ಸ್ಥಾನಗಳು ವರ್ಷಗಟ್ಟಲೆ ತೆರವಾಗಿರುವುದೂ ವಾಚಕರಿಗೆ ತಿಳಿಯದ ವಿಷಯವಲ್ಲ. ಪ್ರಯೋಗಶಾಲೆಯ ಯಂತ್ರವು ಮೂವತ್ತು ವರ್ಷ ಕಾದರೂ ಕೆಡದೆ ಇರಬಹುದು. ತಾಳೆಯೋಲೆಯು ಅಷ್ಟು ಕಾಲ ಕಾಯದು. ಅದನ್ನು ಓದಬಲ್ಲವರ ಪರಂಪರೆಯು ಅಷ್ಟೂ ಕಾಯದು. ಆದುದರಿಂದ ದತ್ತಿಯನ್ನು ಬಿಡತಕ್ಕವರೂ ಸಂಸ್ಥೆಗಳನ್ನು ನಡೆಸತಕ್ಕವರೂ ಮೊದಲು ಪೀಠವನ್ನು ಸ್ಥಿರಪಡಿಸಿ, ಪೀಠದ ಬಳಿಯಲ್ಲಿ ಇಬ್ಬರು ಮೂವರು ಅಂತೇವಾಸಿಗಳಿಗೆ ಅನ್ನವನ್ನು ಏರ್ಪಡಿಸಿ, ಅನಂತರ ಕಟ್ಟಡದ ಮಾತನ್ನು ಎತ್ತುವುದು ಯುಕ್ತವೆಂದು ವಿಜ್ಞಾಪಿಸಿ ಈ ವಿಚಾರವನ್ನು ಮುಗಿಸುತ್ತೇನೆ.